ಲಕೋಟೆ ಒಡೀರಿ: ಕಾರ್ಡ್ ಸಾಲದ ಬಗ್ಗೆ ನಮ್ಮೋರ ಜೊತೆ ಒಂದು ಮಾತು



ಇದನ್ನ ಬರೀಬೇಕೋ ಬೇಡ್ವೋ ಅಂತ ಹತ್ತು ದಿನದಿಂದ ಯೋಚಿಸ್ತಿದ್ದೆ. ನನ್ನ ಮನೆ ವಿಷಯ ಇದೆ, ನನ್ನ ತಪ್ಪೂ ಇದೆ. ಆದ್ರೂ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಈ ಸಲ ಜಯಂತಿ ಕಾರ್ಯಕ್ರಮ ಮುಗಿದು ಪೆಂಡಾಲ್ ಬಿಚ್ಚೋ ಹೊತ್ತು. ಬೆಳಿಗ್ಗೆಯಿಂದ ಬ್ಯಾನರ್ ಕಟ್ಟಿ, ಕುರ್ಚಿ ಹೊತ್ತು, ಊಟ ಬಡಿಸಿದ ಹುಡುಗ ಒಬ್ಬ ನನ್ನನ್ನ ಪಕ್ಕಕ್ಕೆ ಕರೆದ. "ಅಕ್ಕಾ, ಒಂದೈದು ಸಾವಿರ ಇದ್ರೆ ಕೊಡ್ತೀರಾ? ಒಂದನೇ ತಾರೀಖು ವಾಪಸ್ ಹಾಕ್ತೀನಿ."

"ಯಾಕೋ? ಮನೇಲಿ ಏನಾದ್ರೂ ತೊಂದ್ರೆನಾ?"

"ಇಲ್ಲಕ್ಕ. ಕಾರ್ಡಿಂದು ಮಿನಿಮಮ್ ಕಟ್ಟಬೇಕು. ನಾಳೆ ಕೊನೇ ದಿನ."

"ಎಷ್ಟು ಕಾರ್ಡು?"

"ಮೂರು."

"ಮೂರರದ್ದೂ ಸೇರಿ ಬಾಕಿ ಎಷ್ಟಿದೆ?"

ಅವನು ನೆಲ ನೋಡಿದ. "ಗೊತ್ತಿಲ್ಲಕ್ಕ. ಕೂಡಿಸಿ ನೋಡಿಲ್ಲ."

ಹುಡುಗ ಎಂ.ಕಾಂ. ಮಾಡಿದವನು. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲೇ ಕೆಲಸ. ಬೇರೆಯವರ ಲೆಕ್ಕ ಪೈಸೆ ಬಿಡದೆ ಬರೀತಾನೆ. ತನ್ನ ಲೆಕ್ಕ ನೋಡೋಕೆ ಅವನಿಗೆ ಧೈರ್ಯ ಇಲ್ಲ.

ನಾನು ಅವನನ್ನ ಬಯ್ಯಲಿಲ್ಲ. ಯಾಕಂದ್ರೆ ಹತ್ತು ವರ್ಷದ ಹಿಂದೆ ನಾನೂ ಹಂಗೇ ಇದ್ದೆ.

ನನ್ನ ಕಥೆ ಹೇಳ್ತೀನಿ. 2013ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೂರನೇ ತಿಂಗಳಿಗೇ ಕಾರ್ಡ್ ಬಂತು. ಆಫೀಸಿನ ಕೆಳಗೆ ಮೇಜು ಹಾಕ್ಕೊಂಡು ಕೂತಿದ್ದ ಹುಡುಗ "ಮೇಡಂ, ಲೈಫ್ ಟೈಮ್ ಫ್ರೀ" ಅಂದ. ನನ್ನನ್ನ ಮೇಡಂ ಅಂತ ಕರೆದ ಮೊದಲನೇ ಮನುಷ್ಯ ಅವನು. ನಗಬೇಡಿ. ಕೊಳ್ಳೇಗಾಲದ ಕಡೆಯ ಒಂದು ಕೇರಿಯಿಂದ ಬಂದ ಹುಡುಗಿಗೆ, ಯಾರೂ ಜಾಮೀನು ಕೇಳದೆ, ಜಾತಿ ಕೇಳದೆ, ಹೆಸರು ಅಚ್ಚು ಹಾಕಿರೋ ಕಾರ್ಡ್ ಕೊಟ್ಟರೆ ಹೆಂಗಿರುತ್ತೆ ಅಂತ ನಿಮಗೆ ಗೊತ್ತು. ನಮ್ಮೂರಲ್ಲಿ ನಮಗೆ ಸಾಲ ಬೇಕಾದ್ರೆ ಯಾರದೋ ಜಗಲಿ ಮುಂದೆ ನಿಂತು ಕೈ ಕಟ್ಟಬೇಕಿತ್ತು. ಇಲ್ಲಿ ಬರೀ ಸಹಿ ಹಾಕಿದ್ರೆ ಸಾಕು.

2014ರಲ್ಲಿ ಅಪ್ಪನಿಗೆ ಕಿಡ್ನಿ ತೊಂದರೆ ಶುರುವಾಯ್ತು. ಆಸ್ಪತ್ರೆಯವರು ಕೌಂಟರ್‌ನಲ್ಲಿ ಮೊದಲು ಕೇಳಿದ್ದು ದುಡ್ಡು. ಕಾರ್ಡ್ ಉಜ್ಜಿದೆ. ಅವತ್ತು ಅದು ಅಪ್ಪನ ಜೀವ ಉಳಿಸ್ತು, ಅದನ್ನ ನಾನು ಇಲ್ಲ ಅನ್ನಲ್ಲ. ಔಷಧಿಗೆ ಉಜ್ಜಿದೆ. ತಮ್ಮನ ಪರೀಕ್ಷೆ ಫೀಸಿಗೆ ಉಜ್ಜಿದೆ. ಒಂದು ಸಲ ಎಟಿಎಂನಲ್ಲಿ ಆ ಕಾರ್ಡಿಂದಲೇ ನಗದು ತೆಗೆದೆ. ನಗದು ತೆಗೆದರೆ ಅವತ್ತಿಂದಲೇ ಬಡ್ಡಿ ಓಡುತ್ತೆ, ಸಾಮಾನು ಕೊಂಡಾಗ ಸಿಗೋ ನಲವತ್ತು ಐವತ್ತು ದಿನದ ಬಿಡುವು ಅದಕ್ಕಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಒಂದು ವರ್ಷ ಮಿನಿಮಮ್ ಕಟ್ಟಿದೆ. "ಕಟ್ತಾ ಇದ್ದೀನಲ್ಲ, ಸಾಲ ತೀರ್ತಾ ಇದೆ" ಅಂದ್ಕೊಂಡಿದ್ದೆ. ಆಮೇಲೆ ಅದೂ ಆಗಲಿಲ್ಲ. ತಿಂಗಳಿಗೊಂದು ಲಕೋಟೆ ಬರ್ತಿತ್ತು. ಒಡೆಯದೆ ಮಂಚದ ಕೆಳಗಿನ ಟ್ರಂಕಿಗೆ ಹಾಕ್ತಿದ್ದೆ. ಏಳು ಲಕೋಟೆ ಹಂಗೇ ಇದ್ದವು.

ಆಮೇಲೆ ಫೋನ್. ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತಕ್ಕೆ. ನಾನು ಸಿಮ್ ಬದಲಾಯಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ನಾನು ಸಿಗದೇ ಇದ್ದಾಗ ಅವರು ಊರಿಗೆ ಹೋದರು. ನಮ್ಮ ಕೇರಿಯ ಬೋರ್ಡಿನ ಹತ್ರ, ಬಾಬಾಸಾಹೇಬರ ಚಿತ್ರ ಇರೋ ಬೋರ್ಡು, ಅಲ್ಲಿ ಇಬ್ಬರು ಬೈಕ್ ನಿಲ್ಲಿಸಿ ನಮ್ಮವ್ವನ ಹೆಸರು ಹಿಡಿದು ಕೂಗಿದರು. ಜನ ಸೇರಿದ್ರು. ಒಬ್ಬ ಅಂದನಂತೆ, ಜಾತಿ ಹೆಸರು ಹಿಡಿದೇ, "ಇವರಿಗೆಲ್ಲ ಕಾರ್ಡ್ ಕೊಟ್ಟಿದ್ದೇ ತಪ್ಪು."

ತಮ್ಮ ಫೋನ್ ಮಾಡಿ ಹೇಳಿದ. ನಾನು ಏನು ಮಾಡಿದೆ ಗೊತ್ತಾ? "ಸುಮ್ನಿರು, ದೊಡ್ಡದು ಮಾಡಬೇಡ" ಅಂದೆ.

ನಾನು. ಎಷ್ಟೋ ಊರಲ್ಲಿ ಅಟ್ರಾಸಿಟಿ ಕೇಸಿಗೆ ಠಾಣೆ ಮೆಟ್ಟಿಲು ಹತ್ತಿದೋಳು. ಎಫ್‌ಐಆರ್ ಬರೆಯೋ ತನಕ ಏಳಲ್ಲ ಅಂತ ನೆಲದ ಮೇಲೆ ಕೂತೋಳು. ನಮ್ಮ ಕೇರಿಯಲ್ಲಿ, ನಮ್ಮವ್ವನ ಮುಂದೆ, ಹತ್ತು ಜನ ನೋಡ್ತಿರುವಾಗ ಆ ಮಾತು ಬಂದಾಗ ಬಾಯಿ ಮುಚ್ಕೊಂಡೆ. ಸಾಲಗಾರ್ತಿ ಅನ್ನೋ ನಾಚಿಕೆ ಅಷ್ಟು ದೊಡ್ಡದಾಗಿತ್ತು. ಸಾಲ ಇದ್ದರೆ ನನ್ನ ಹಕ್ಕೂ ಹೋಯ್ತು ಅಂತ ನಾನೇ ಒಪ್ಕೊಂಡುಬಿಟ್ಟಿದ್ದೆ.

ಇವತ್ತು ಬರೀತಿರೋದು ಆ ಒಂದು ದಿನಕ್ಕೋಸ್ಕರ.

ನಮ್ಮ ತಾತ ಮದುವೆಗೆ ಇಸ್ಕೊಂಡ ಇನ್ನೂರು ರೂಪಾಯಿಗೆ ಹನ್ನೊಂದು ವರ್ಷ ಜೀತ ಇದ್ದ. ಗೌಡರ ಮನೆ ಪುಸ್ತಕದಲ್ಲಿ ಏನು ಬರೆದಿದೆ ಅಂತ ಅವನಿಗೆ ಕೊನೇ ತನಕ ಗೊತ್ತಾಗಲಿಲ್ಲ. ಹೆಬ್ಬೆಟ್ಟು ಒತ್ತಿದ್ದಷ್ಟೇ. 1976ರಲ್ಲಿ ಜೀತ ಪದ್ಧತಿ ರದ್ದು ಕಾಯಿದೆ ಬಂತು, ಅದೇ ವರ್ಷ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯಿದೆ ತಂತು. ನಮ್ಮ ತಾತನಂಥೋರು ಅಂಗಳ ದಾಟಿ ಹೊರಗೆ ಬಂದಿದ್ದು ಹಿಂಗೆ.

ಕ್ರೆಡಿಟ್ ಕಾರ್ಡ್ ಜೀತ ಅಂತ ನಾನು ಹೇಳ್ತಿಲ್ಲ. ಹಂಗೆ ಹೇಳಿದ್ರೆ ಜೀತ ಮಾಡಿದವರಿಗೆ ಅವಮಾನ. ತಾತನಿಗೆ ಲೆಕ್ಕ ಕೇಳೋ ಹಕ್ಕಿರಲಿಲ್ಲ, ಓದೋಕೆ ಬರ್ತಿರಲಿಲ್ಲ, ಬಿಟ್ಟು ಹೋಗೋಕೆ ದಾರಿ ಇರಲಿಲ್ಲ. ನನಗೆ ಮೂರೂ ಇದ್ದವು. ಆದ್ರೂ ಲಕೋಟೆ ಒಡೀಲಿಲ್ಲ. ಆ ಭಯ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದಾಗೆಲ್ಲ ತಾತನ ಮುಖ ಕಣ್ಮುಂದೆ ಬರುತ್ತೆ.

ಈಗ ಆ ಹುಡುಗನ ಲೆಕ್ಕಕ್ಕೆ ಬರೋಣ. ಯಾಕಂದ್ರೆ ಲೆಕ್ಕ ಗೊತ್ತಾಗದೆ ಭಯ ಹೋಗಲ್ಲ.

ಮಾರನೇ ದಿನ ಅವನನ್ನ ಮನೆಗೆ ಕರೆದು ಮೂರೂ ಸ್ಟೇಟ್‌ಮೆಂಟ್ ತೆಗೆಸಿದೆ. ಒಟ್ಟು 2,14,000 ರೂಪಾಯಿ. ಅದರಲ್ಲಿ ಒಂದು ಕಾರ್ಡಿನ ಬಾಕಿ 80,000. ಬಡ್ಡಿ ತಿಂಗಳಿಗೆ ಶೇ 3.5. "ಮೂರೂವರೆ ತಾನೇ" ಅನ್ಸುತ್ತೆ. ವರ್ಷಕ್ಕೆ ಶೇ 42 ಅದು. 80,000ಕ್ಕೆ ಒಂದು ತಿಂಗಳ ಬಡ್ಡಿ 2,800. ಆ ಬಡ್ಡಿ ಮೇಲೆ ಶೇ 18 ಜಿಎಸ್‌ಟಿ, 504 ರೂಪಾಯಿ. ಒಟ್ಟು 3,304. ಮಿನಿಮಮ್ ಡ್ಯೂ ಶೇ 5, ಅಂದ್ರೆ 4,000. ಅವನು ಅಲ್ಲಿ ಇಲ್ಲಿ ಕೈಸಾಲ ಮಾಡಿ ಕಟ್ಟೋ 4,000ದಲ್ಲಿ ಅಸಲಿಗೆ ಹೋಗೋದು 696 ರೂಪಾಯಿ.

ತಿಂಗಳು ತಿಂಗಳು ಬಾಕಿ ಕಮ್ಮಿಯಾದಂಗೆ ಮಿನಿಮಮ್ಮೂ ಕಮ್ಮಿಯಾಗುತ್ತೆ. ಹಾಗಾಗಿ ಬರೀ ಮಿನಿಮಮ್ ಕಟ್ಕೊಂಡು ಹೋದರೆ, ಒಂದು ರೂಪಾಯಿ ಹೊಸದಾಗಿ ಖರ್ಚು ಮಾಡದೇ ಇದ್ರೂ, ಸಾಲ ಅರ್ಧ ಇಳಿಯೋಕೇ ಸುಮಾರು ಆರೂವರೆ ವರ್ಷ ಬೇಕು. ಇನ್ನೊಂದು ಮಾತು: ಹಿಂದಿನ ಬಿಲ್ಲು ಪೂರ್ತಿ ಕಟ್ಟದೆ ಬಾಕಿ ಉಳಿಸಿದರೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ದಿನಗಳು ಸಿಗಲ್ಲ. ಅವತ್ತೇ ಕೊಂಡ ಅಕ್ಕಿ ಮೂಟೆಗೂ ಅವತ್ತಿಂದಲೇ ಬಡ್ಡಿ.

ಅದೇ 80,000ವನ್ನ ವರ್ಷಕ್ಕೆ ಶೇ 16 ಬಡ್ಡಿಯ ಬ್ಯಾಂಕ್ ಸಾಲ ಮಾಡಿ ತೀರಿಸಿದ್ರೆ? ಎರಡು ವರ್ಷಕ್ಕೆ ತಿಂಗಳ ಕಂತು ಸುಮಾರು 3,920. ಅಂದ್ರೆ ಈಗ ಕಟ್ತಿರೋ ಅದೇ ನಾಲ್ಕು ಸಾವಿರ. ಆ ಕಡೆ ಮುಗಿಯೋದೇ ಇಲ್ಲ, ಈ ಕಡೆ 24 ತಿಂಗಳಿಗೆ ಚುಕ್ತಾ. ಇದನ್ನ ಕಾಗದದ ಮೇಲೆ ಬರೆದಾಗ ಹುಡುಗ ಎರಡು ಸಲ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದ. ಆಮೇಲೆ ಸುಮ್ನೆ ಕೂತ.

ಹಂಗಾದ್ರೆ ಏನು ಮಾಡಬೇಕು? ನಾನು ಕಲ್ತಿದ್ದನ್ನ ಹೇಳ್ತೀನಿ. ನಾನು ಬ್ಯಾಂಕಿನವಳಲ್ಲ, ವಕೀಲಳೂ ಅಲ್ಲ. ಬಿದ್ದು ಎದ್ದೋಳು, ಅಷ್ಟೇ.

ಮೊದಲು ಎಲ್ಲಾ ಸಾಲ ಒಂದೇ ಹಾಳೆ ಮೇಲೆ ಬರೀರಿ. ಕಾರ್ಡು, ಆ್ಯಪ್ ಸಾಲ, ಒಡವೆ ಸಾಲ, ಸಂಘದ ಸಾಲ, ಚೀಟಿ, ಕೈಸಾಲ. ಪ್ರತಿಯೊಂದರ ಮುಂದೆ ಬಾಕಿ, ಬಡ್ಡಿ, ಕೊನೇ ತಾರೀಖು. ಬಡ್ಡಿ ಗೊತ್ತಿಲ್ಲದಿದ್ರೆ ಫೋನ್ ಮಾಡಿ ಕೇಳಿ. ಆ ಹಾಳೆಯನ್ನ ಮನೆಯವರಿಗೆ ತೋರಿಸಿ. ಇದು ಕಷ್ಟ, ನನಗೆ ಗೊತ್ತು. ನಾನು ಕೊನೆಗೆ ಅವ್ವನಿಗೆ ಹೇಳಿದಾಗ ಅವಳು ಅಂದಿದ್ದಿಷ್ಟೇ: "ನಿಮ್ಮಪ್ಪನ ಆಸ್ಪತ್ರೆಗೆ ತಾನೇ ಮಾಡಿದ್ದು? ಅದನ್ನ ಹೇಳ್ಕೊಳ್ಳೋಕೆ ನಿಂಗೇನ್ ರೋಗ ಬಂದಿತ್ತು?"

ಎರಡನೇದು, ಕಾರ್ಡ್ ಉಜ್ಜೋದು ಅವತ್ತಿಂದಲೇ ನಿಲ್ಲಿಸಿ. ಫೋನಿನ ಆ್ಯಪ್‌ಗಳಲ್ಲಿ ಸೇವ್ ಆಗಿರೋ ಕಾರ್ಡ್ ನಂಬರ್ ತೆಗೆದುಹಾಕಿ. ತಾನಾಗೇ ದುಡ್ಡು ಎಳೆಯೋ ಚಂದಾಗಳನ್ನ ನಿಲ್ಲಿಸಿ. ಒಂದು ಕಾರ್ಡಿಂದ ತೆಗೆದು ಇನ್ನೊಂದಕ್ಕೆ ಹಾಕೋ ಆಟ ಬೇಡ. ನಾನೂ ಆಡಿದ್ದೀನಿ, ಎರಡೂ ಕಡೆ ಶುಲ್ಕ ಬಿತ್ತು.

ಮೂರನೇದು, ಕಂತು ತಪ್ಪೋಕೆ ಮುಂಚೆ ಬ್ಯಾಂಕಿಗೆ ಹೋಗಿ. ಇದನ್ನ ದಪ್ಪಕ್ಷರದಲ್ಲಿ ಓದ್ಕೊಳ್ಳಿ. ತಪ್ಪೋಕೆ ಮುಂಚೆ. ಕಟ್ಟುತ್ತಾ ಇರೋ ತನಕ ನಿಮಗೆ ದಾರಿಗಳಿವೆ. ಬಾಕಿಯನ್ನ ಕಮ್ಮಿ ಬಡ್ಡಿಯ ಕಂತುಗಳಾಗಿ ಬದಲಾಯಿಸಿ ಅಂತ ಕೇಳಬಹುದು. ನಿಮ್ಮ ಸಹಕಾರ ಸಂಘದಲ್ಲಿ, ಅವ್ವನ ಸ್ತ್ರೀಶಕ್ತಿ ಸಂಘದಲ್ಲಿ, ಕೆಲಸದ ಜಾಗದ ಸೊಸೈಟಿಯಲ್ಲಿ ಕಮ್ಮಿ ಬಡ್ಡಿಗೆ ಸಿಕ್ಕರೆ ತಂದು ಹೆಚ್ಚು ಬಡ್ಡಿಯದ್ದನ್ನ ಮೊದಲು ತೀರಿಸಬಹುದು. ಮೂರು ತಿಂಗಳು ತಪ್ಪಿದ ಮೇಲೆ ಇದೇ ಬ್ಯಾಂಕುಗಳು ನಿಮ್ಮ ಸಿಬಿಲ್ ನೋಡಿ ಬಾಗಿಲು ಹಾಕ್ತಾವೆ. ಮಿನಿಮಮ್ ಡ್ಯೂ ಕೊನೇ ದಿನಾಂಕದಿಂದ 90 ದಿನದೊಳಗೆ ಪೂರ್ತಿ ಕಟ್ಟದಿದ್ರೆ ಆ ಖಾತೆ ಎನ್‌ಪಿಎ ಅಂತ ಲೆಕ್ಕ. ಅದಾದ ಮೇಲೆ ಸಿಗೋ ಸಾಲ ಆ್ಯಪ್ ಸಾಲ ಮಾತ್ರ. ಅದರ ಕಥೆ ನಿಮಗೆ ಗೊತ್ತೇ ಇದೆ.

ಕೇಳೋದನ್ನ ಬರವಣಿಗೆಯಲ್ಲಿ ಕೇಳಿ. ಇಮೇಲ್ ಆಗಲಿ, ಸೀಲ್ ಹಾಕಿಸ್ಕೊಂಡ ಅರ್ಜಿ ಆಗಲಿ. "ನನ್ನ ಸಂಬಳ ಇಷ್ಟು, ಮನೆ ಖರ್ಚು ಇಷ್ಟು, ತಿಂಗಳಿಗೆ ಇಷ್ಟು ಕಟ್ಟಬಲ್ಲೆ." ಕಟ್ಟೋಕೆ ಆಗದೇ ಇರೋ ಮೊತ್ತ ಒಪ್ಕೊಳ್ಳಬೇಡಿ. ಮೊದಲು ಅಕ್ಕಿ, ಬಾಡಿಗೆ, ಔಷಧಿ, ಮಕ್ಕಳ ಫೀಸು. ಆಮೇಲೆ ಒಡವೆ ಅಡ ಇಟ್ಟಿದ್ರೆ ಅದರ ಬಡ್ಡಿ, ಇಲ್ಲಾಂದ್ರೆ ಹರಾಜಾಗುತ್ತೆ. ಆಮೇಲೆ ಕಾರ್ಡ್. ಕಾರ್ಡ್ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಇಲ್ಲ, ಕೋರ್ಟ್ ಆದೇಶ ಇಲ್ಲದೆ ಯಾರೂ ನಿಮ್ಮ ಟಿವಿ, ಬೈಕ್ ಎತ್ಕೊಂಡು ಹೋಗೋ ಹಂಗಿಲ್ಲ. ಒಂದು ಎಚ್ಚರ ಮಾತ್ರ: ಸಂಬಳ ಬೀಳೋ ಖಾತೆ ಅದೇ ಬ್ಯಾಂಕಲ್ಲಿದ್ರೆ, ಅಲ್ಲಿರೋ ದುಡ್ಡನ್ನ ಬಾಕಿಗೆ ತಡೆಹಿಡಿಯೋ ಷರತ್ತು ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತೆ.

ನಾನು ಹೆಂಗೆ ಮುಗಿಸಿದೆ? ನನ್ನ ಬಾಕಿ ಅಷ್ಟೊತ್ತಿಗೆ 1,12,000 ಆಗಿತ್ತು. ಅವ್ವ ಸಂಘದಲ್ಲಿ 30,000 ತೆಗೆದುಕೊಟ್ಟಳು. ಉಳಿದ 82,000ಕ್ಕೆ ಕಂತು ಮಾಡಿ ಅಂತ ಬ್ಯಾಂಕಿಗೆ ನಾಲ್ಕು ಸಲ ಅಲೆದೆ. ಮೂರು ಸಲ ಆಗಲ್ಲ ಅಂದ್ರು. ನಾಲ್ಕನೇ ಸಲ ಒಪ್ಪಿದ್ರು. ತಿಂಗಳಿಗೆ 4,100ರಂತೆ ಎರಡು ವರ್ಷ. ಆ ಎರಡು ವರ್ಷ ಹೊಸ ಬಟ್ಟೆ ತಗೊಂಡಿದ್ದು ಜಯಂತಿಗೆ ಒಂದು ಸೀರೆ, ಅಷ್ಟೇ. 2018ರಲ್ಲಿ ಬಾಕಿ ಇಲ್ಲ ಅನ್ನೋ ಪತ್ರ ಕೈಗೆ ಬಂತು. ಅಪ್ಪ ಅಷ್ಟೊತ್ತಿಗೆ ಇರಲಿಲ್ಲ.

"ಸೆಟ್ಲ್‌ಮೆಂಟ್" ಅಂತ ಒಂದು ಪದ ಕೇಳಿರ್ತೀರಿ. ಒಂದು ಲಕ್ಷದ ಬಾಕಿಗೆ ನಲವತ್ತು ಸಾವಿರ ಕಟ್ಟಿ ಮುಗಿಸ್ಕೊಳ್ಳಿ ಅಂತ ಬ್ಯಾಂಕಿನವರೇ ಹೇಳ್ತಾರೆ. ಬೇರೆ ದಾರಿ ಇಲ್ಲದೇ ಇದ್ರೆ ಅದೂ ಒಂದು ದಾರಿ. ಆದ್ರೆ ಸಿಬಿಲ್ ವರದಿಯಲ್ಲಿ "ಕ್ಲೋಸ್ಡ್" ಅಂತ ಬರಲ್ಲ, "ಸೆಟಲ್ಡ್" ಅಂತ ಬರುತ್ತೆ. ವರ್ಷಗಟ್ಟಲೆ ಅದು ಹಂಗೇ ಇರುತ್ತೆ, ಮಗಳ ಓದಿನ ಸಾಲಕ್ಕೆ ಹೋದಾಗ ಎದುರಿಗೆ ಬರುತ್ತೆ. ತಿಳ್ಕೊಂಡು ಒಪ್ಕೊಳ್ಳಿ. ಪತ್ರ ಬ್ಯಾಂಕಿನ ಹೆಸರಲ್ಲಿ ಕೈಗೆ ಬರದೆ ಒಂದು ರೂಪಾಯಿ ಕಟ್ಟಬೇಡಿ. ಏಜೆಂಟನ ಸ್ವಂತ ಫೋನ್ ನಂಬರಿಗೆ ದುಡ್ಡು ಹಾಕಬೇಡಿ. "ನಮಗೆ ಫೀಸ್ ಕೊಡಿ, ಬ್ಯಾಂಕಿಗೆ ಕಟ್ಟೋದು ನಿಲ್ಲಿಸಿ, ನಾವು ಎಲ್ಲಾ ನೋಡ್ಕೊಳ್ತೀವಿ" ಅನ್ನೋ ಜಾಹೀರಾತಿನವರನ್ನ ನಂಬಬೇಡಿ. ಸಿಬಿಲ್ ವರದಿ ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತೆ, ತೆಗೆದು ನೋಡಿ. ತಪ್ಪಿದ್ರೆ ದೂರು ಕೊಡಿ.

ಈಗ ಹಕ್ಕಿನ ಮಾತು. ನಮ್ಮೋರಿಗೆ ಇದು ಗೊತ್ತಿರಲೇಬೇಕು.

ರಿಕವರಿ ಏಜೆಂಟರ ಬಗ್ಗೆ ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. 2022ರ ಆಗಸ್ಟ್‌ನಲ್ಲಿ ಮತ್ತೆ ಬಿಗಿ ಮಾಡಿತು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡೋ ಹಂಗಿಲ್ಲ. ಬೆದರಿಕೆ ಹಾಕೋ ಹಂಗಿಲ್ಲ, ಸಾರ್ವಜನಿಕವಾಗಿ ಅವಮಾನ ಮಾಡೋ ಹಂಗಿಲ್ಲ. ನಿಮ್ಮ ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರನ್ನ ಕಾಡೋ ಹಂಗಿಲ್ಲ. ಏಜೆಂಟ್ ಏನು ಮಾಡಿದ್ರೂ ಅದರ ಹೊಣೆ ಬ್ಯಾಂಕಿನದ್ದು. ಮನೆಗೆ ಬಂದವನ ಹತ್ರ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಫೋನ್ ರೆಕಾರ್ಡ್ ಮಾಡ್ಕೊಳ್ಳಿ. ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಉತ್ತರ ಸರಿ ಇಲ್ಲದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಖರ್ಚಿಲ್ಲ. ವಿಚಾರಿಸೋಕೆ ಫೋನ್ 14448.

ಕಾರ್ಡ್ ಬಾಕಿ ಕಟ್ಟೋಕೆ ಆಗದೇ ಇರೋದು ಸಿವಿಲ್ ವಿಷಯ. "ಪೊಲೀಸ್ ಬರ್ತಾರೆ, ಅರೆಸ್ಟ್ ವಾರಂಟ್ ರೆಡಿ" ಅಂತ ವಾಟ್ಸಾಪ್‌ಗೆ ಬರೋ ಕಾಗದ ನೋಡಿ ಪ್ರಾಣ ಕಳ್ಕೋಬೇಡಿ. ಆದ್ರೆ ಕೊಟ್ಟ ಚೆಕ್ ಬೌನ್ಸ್ ಆದ್ರೆ, ಖಾತೆಯಿಂದ ತಾನಾಗೇ ಕಡಿತ ಆಗೋಕೆ ಒಪ್ಪಿಗೆ ಕೊಟ್ಟು ಅದು ಬೌನ್ಸ್ ಆದ್ರೆ, ಆ ಕಾನೂನು ಬೇರೆ, ಅಲ್ಲಿ ಜೈಲು ಶಿಕ್ಷೆಗೂ ಅವಕಾಶ ಇದೆ. ಅದಕ್ಕೇ ಖಾಲಿ ಚೆಕ್ ಕೊಡಬೇಡಿ. ಕೋರ್ಟಿಂದ, ಲೋಕ ಅದಾಲತ್‌ನಿಂದ, ಮಧ್ಯಸ್ಥಿಕೆಯವರಿಂದ ನೋಟಿಸ್ ಬಂದ್ರೆ ಟ್ರಂಕಿಗೆ ಹಾಕಬೇಡಿ. ಹೋಗಿ ನಿಂತ್ಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. 1987ರ ಕಾಯಿದೆಯ 12ನೇ ಸೆಕ್ಷನ್. ಸಹಾಯವಾಣಿ 15100. ಇದು ನಮ್ಮ ಹಕ್ಕು, ಯಾರೂ ಕೊಡೋ ಭಿಕ್ಷೆ ಅಲ್ಲ.

ಕೇರಿಗೆ ಬಂದು ಜನರ ಮುಂದೆ ಜಾತಿ ಹಿಡಿದು ಬೈದ್ರೆ ಅದು ವಸೂಲಿ ಅಲ್ಲ, ದೌರ್ಜನ್ಯ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ಅಲ್ಲಿಗೆ ಬರುತ್ತೆ. ಸಾಲ ಇದೆಯೋ ಇಲ್ಲವೋ ಅಂತ ಆ ಕಾಯಿದೆ ಕೇಳಲ್ಲ. ನಾನು ಅವತ್ತು ದೂರು ಕೊಡಲಿಲ್ಲ. ನೀವು ಕೊಡಿ. ನಾನು ಜೊತೆಗೆ ಬರ್ತೀನಿ.

ಇನ್ನು ನಮ್ಮೊಳಗಿನ ಎರಡು ಮಾತಿಗೆ ಉತ್ತರ ಹೇಳಬೇಕು.

ಒಂದು, "ಇವತ್ತಿನ ಹುಡುಗರಿಗೆ ದುಂದು ಜಾಸ್ತಿ. ಫೋನು, ಶೂ, ಬೈಕು. ಅನುಭವಿಸಲಿ." ನಮ್ಮ ಹಿರಿಯರೇ ಹೀಗೆ ಮಾತಾಡ್ತಾರೆ. ಅಣ್ಣಂದಿರೇ, ಆ ಹುಡುಗನ ಸ್ಟೇಟ್‌ಮೆಂಟ್ ನಾನು ಸಾಲು ಸಾಲಾಗಿ ನೋಡಿದೆ. ಹೌದು, ಒಂದು ಫೋನ್ ಇತ್ತು. ಉಳಿದಿದ್ದು? ಅಕ್ಕನ ಹೆರಿಗೆ. ಬಾಡಿಗೆ ಮನೆಯ ಅಡ್ವಾನ್ಸ್, ಅದೂ ಜಾತಿ ಕೇಳಿ ಮೂರು ಕಡೆ ಇಲ್ಲ ಅಂದ ಮೇಲೆ ನಾಲ್ಕನೇ ಕಡೆ ಹೆಚ್ಚು ಕೊಟ್ಟು ಹಿಡಿದ ಮನೆ. ಕೋಚಿಂಗ್ ಫೀಸು. ಎರಡು ತಿಂಗಳು ಸಂಬಳ ಆಗದೇ ಇದ್ದಾಗಿನ ದಿನಸಿ. ಬೇರೆಯವರ ಮನೇಲಿ ಇಂಥ ಹೊತ್ತಿಗೆ ಅಪ್ಪನ ಎಫ್‌ಡಿ ಇರುತ್ತೆ, ಮಾವನ ಸೈಟ್ ಇರುತ್ತೆ, ಅಜ್ಜಿಯ ಬಳೆ ಇರುತ್ತೆ. ನಮ್ಮ ಮನೆಗಳಲ್ಲಿ ಮೊದಲ ಸಂಬಳ ತಂದವನೇ ಇಡೀ ವಂಶಕ್ಕೆ ಎಫ್‌ಡಿ. ಅವನ ಬೆನ್ನ ಹಿಂದೆ ಕಾರ್ಡ್ ಬಿಟ್ಟು ಬೇರೇನೂ ಇಲ್ಲ.

ಎರಡು, ನಮ್ಮ ಬಿಸಿರಕ್ತದ ಗೆಳೆಯರ ಮಾತು. "ಕಟ್ಟಬೇಡಿ. ದೊಡ್ಡ ದೊಡ್ಡ ಕಂಪನಿಗಳ ಸಾವಿರಾರು ಕೋಟಿ ರೈಟ್ ಆಫ್ ಮಾಡ್ತಾರೆ, ನಾವ್ಯಾಕೆ ಕಟ್ಟಬೇಕು?" ಸಿಟ್ಟು ನ್ಯಾಯವಾದದ್ದೇ. ಆ ಪ್ರಶ್ನೆಯನ್ನ ಬೀದಿಯಲ್ಲಿ ನಾನೂ ಕೇಳ್ತೀನಿ. ಆದ್ರೆ ಒಬ್ಬ ಹುಡುಗನಿಗೆ ಒಂಟಿಯಾಗಿ ಅದನ್ನ ಮಾಡು ಅಂತ ಹೇಳೋದು ಹೋರಾಟ ಅಲ್ಲ. ರೈಟ್ ಆಫ್ ಅಂದ್ರೆ ಮನ್ನಾ ಅಲ್ಲ, ಬ್ಯಾಂಕಿನ ಪುಸ್ತಕದಲ್ಲಿ ಮಾಡೋ ಹೊಂದಾಣಿಕೆ. ವಸೂಲಿ ಆಮೇಲೂ ನಡೀತಾನೇ ಇರುತ್ತೆ. ದೊಡ್ಡ ಕಂಪನಿಗೆ ಹತ್ತು ವಕೀಲರಿರ್ತಾರೆ. ನಮ್ಮ ಹುಡುಗನಿಗೆ ಸಿಗೋದು ಕೆಟ್ಟ ಸಿಬಿಲ್, ನಿಂತುಹೋದ ಓದಿನ ಸಾಲ, ಊರ ಮುಂದೆ ಅವಮಾನ. ಭಾಷಣ ಮಾಡಿದವರು ಅವತ್ತು ಬೇರೆ ಊರಲ್ಲಿರ್ತಾರೆ. ಎಲ್ಲರೂ ಸೇರಿ ಸರ್ಕಾರದ ಹತ್ರ ಕೇಳೋದು ಬೇರೆ, ಒಬ್ಬನನ್ನ ಮುಂದೆ ತಳ್ಳೋದು ಬೇರೆ.

ಹಂಗಾದ್ರೆ ಏನು ಕೇಳಬೇಕು?

ಮೊದಲನೇದು ಬಡ್ಡಿಗೆ ಮಿತಿ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕೋದು ಅನುಚಿತ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು, ಇದು ರಿಸರ್ವ್ ಬ್ಯಾಂಕ್ ನೋಡ್ಕೋಬೇಕಾದ ವಿಷಯ ಅಂತ. ಸರಿ. ಹಂಗಾದ್ರೆ ರಿಸರ್ವ್ ಬ್ಯಾಂಕೇ ಮಿತಿ ಹಾಕಲಿ. ಶೇ 42ಕ್ಕೆ ಸಾಲ ಕೊಡೋ ಊರಿನ ಬಡ್ಡಿ ಸಾಹುಕಾರನಿಗೆ ಬೈಯೋ ನಾವು, ಅದೇ ಬಡ್ಡಿ ಗಾಜಿನ ಕಟ್ಟಡದಿಂದ ಬಂದ್ರೆ ಯಾಕೆ ಸುಮ್ನಿರಬೇಕು?

ಎರಡನೇದು ರಾಜ್ಯದ ಕಾನೂನು. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಜನ ಊರು ಬಿಟ್ಟಿದ್ದು, ಪ್ರಾಣ ಬಿಟ್ಟಿದ್ದು ನೋಡಿ 2025ರಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ವಿರುದ್ಧ ಕಾನೂನು ತಂತು. ಒಳ್ಳೇದು. ಆದ್ರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದರಿಂದ ಹೊರಗೆ. ಅಂದ್ರೆ ಕಾರ್ಡಿನ ಏಜೆಂಟ್ ನಮ್ಮ ಕೇರಿಗೆ ಬಂದ್ರೆ ಆ ಕಾನೂನು ಕೈಗೆ ಸಿಗಲ್ಲ. ಬ್ಯಾಂಕಿನ ಏಜೆಂಟರನ್ನೂ ಹಿಡಿಯೋ ಹಾದಿ ಬೇಕು.

ಮೂರನೇದು ನಮ್ಮದೇ ನಿಗಮ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ ಕೊಳವೆ ಬಾವಿಗೆ, ಸ್ವಯಂ ಉದ್ಯೋಗಕ್ಕೆ ನೆರವು ಕೊಡುತ್ತೆ. ಹೆಚ್ಚು ಬಡ್ಡಿಯ ಸಾಲ ತೀರಿಸೋಕೆ ಕಮ್ಮಿ ಬಡ್ಡಿಯ ಸಾಲ ಯಾಕೆ ಕೊಡಬಾರದು? ನೇರ ಬ್ಯಾಂಕಿಗೇ ಕಟ್ಟಲಿ, ಹುಡುಗರ ಕೈಗೆ ದುಡ್ಡು ಕೊಡೋದೂ ಬೇಡ. ಸಂಬಳ ಇರೋರು, ಕಂತು ಕಟ್ತಾರೆ.

ಇವೆಲ್ಲ ಆಗೋಕೆ ದಿನ ಹಿಡಿಯುತ್ತೆ. ಅಲ್ಲಿ ತನಕ ನಾವು ಮಾಡಬಹುದಾದ್ದು ಒಂದಿದೆ. ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಸಂವಿಧಾನ ಓದ್ತೀವಿ, ಚರಿತ್ರೆ ಓದ್ತೀವಿ, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಓದೋದು ಹೇಳ್ಕೊಡಲ್ಲ. ಸಂಘಟನೆ ಅಂದ್ರೆ ಮೆರವಣಿಗೆ ಮಾತ್ರ ಅಲ್ಲ. ಮುಂದಿನ ತಿಂಗಳಿಂದ ಮೊದಲನೇ ಭಾನುವಾರ ಬೆಳಿಗ್ಗೆ ನಮ್ಮ ಆಫೀಸಲ್ಲಿ ಕೂರ್ತೀವಿ. ಒಬ್ಬ ವಕೀಲರು, ಬ್ಯಾಂಕಿಂದ ನಿವೃತ್ತರಾದ ಅಣ್ಣ ಒಬ್ಬರು ಬರೋಕೆ ಒಪ್ಪಿದ್ದಾರೆ. ಲಕೋಟೆ ತಗೊಂಡು ಬನ್ನಿ. ಒಡೆಯದೇ ಇರೋದನ್ನೇ ತನ್ನಿ, ಒಟ್ಟಿಗೆ ಒಡೆಯೋಣ. ನಿಮ್ಮ ತಾಲ್ಲೂಕಲ್ಲಿ ನೀವೂ ಶುರು ಮಾಡಿ.

ರಾತ್ರಿ ನಿದ್ದೆ ಬರದೆ, ಸತ್ತೇ ಹೋಗಬೇಕು ಅನ್ನಿಸ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಮೊದಲು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ಆಮೇಲೆ ನನಗೆ ಮಾಡಿ. ಹೊತ್ತು ನೋಡಬೇಡಿ. ಸಾಲಕ್ಕೆ ಕಂತು ಮಾಡಬಹುದು. ನೀವು ಹೋದ್ರೆ ನಿಮ್ಮವ್ವನಿಗೆ ಏನು ಮಾಡೋಕಾಗುತ್ತೆ?

ಆ ಹುಡುಗನಿಗೆ ನಾನು ಐದು ಸಾವಿರ ಕೊಡಲಿಲ್ಲ. ಬದಲಿಗೆ ಅವತ್ತು ಆ ಕಾರ್ಡಿನ ಮಿನಿಮಮ್ ನಾನೇ ಕಟ್ಟಿದೆ, ತಪ್ಪಬಾರದು ಅಂತ. ಅವನು ಹಾಳೆ ಮೇಲೆ ನನ್ನ ಹೆಸರಲ್ಲೂ ಒಂದು ಸಾಲು ಬರೆದ: "ಅಕ್ಕ, 4,000, ಬಡ್ಡಿ ಇಲ್ಲ." ಮೂರರಲ್ಲಿ ಒಂದು ಕಾರ್ಡಿಂದು ಕಂತಿಗೆ ಬದಲಾಗಿದೆ. ಎರಡನೇದಕ್ಕೆ ಅರ್ಜಿ ಕೊಟ್ಟಿದ್ದಾನೆ. ಮೂರನೇ ಬ್ಯಾಂಕಿನವರು ಇನ್ನೂ ಆಗಲ್ಲ ಅಂತಿದ್ದಾರೆ. ಸೋಮವಾರ ಮತ್ತೆ ಹೋಗ್ತೀವಿ, ಇಬ್ಬರೂ.

ಅವನ ಒಪ್ಪಿಗೆ ಕೇಳೇ ಇಷ್ಟು ಬರೆದಿದ್ದೀನಿ. "ಹೆಸರು ಬೇಡ, ಲೆಕ್ಕ ಮಾತ್ರ ಹಾಕಿ ಅಕ್ಕ, ಬೇರೆಯವರಿಗೆ ಉಪಯೋಗ ಆಗುತ್ತೆ" ಅಂದ.

ಜೈ ಭೀಮ್.